ಮರೆವು ಎನ್ನುವ ಮುನ್ನ: ವಯಸ್ಸಾದಂತೆ ನೆನಪನ್ನು ಕಾಪಾಡಿಕೊಳ್ಳುವ ಬಗೆ

ನನ್ನ ತಾಯಿಗೆ 76 ವರ್ಷ ತುಂಬುವ ಹೊತ್ತಿಗೆ ಅವರಿಗೆ ಮರೆವು ಹಿಡಿದಿದೆ ಎಂದು ಮನೆಯವರೆಲ್ಲ ಒಪ್ಪಿಕೊಂಡುಬಿಟ್ಟಿದ್ದೆವು. ಬೆಳಿಗ್ಗೆ ಹೇಳಿದ ಮಾತು ಸಂಜೆಗೆ ಅವರಲ್ಲಿ ಉಳಿಯುತ್ತಿರಲಿಲ್ಲ. ಗೃಹಪ್ರವೇಶ ಗುರುವಾರ ಎಂದರೆ ಶನಿವಾರವೆಂದು ನೆಂಟರಿಗೆಲ್ಲ ಹೇಳಿಬಿಡುತ್ತಿದ್ದರು. ತಂಗಿಯೊಡನೆ ಫೋನಿನಲ್ಲಿ ಅರ್ಧ ಗಂಟೆ ಮಾತನಾಡಿ ಬಂದವರನ್ನು ಏನು ಸುದ್ದಿ ಎಂದು ಕೇಳಿದರೆ, ‘ಏನೋ ಹೇಳಿದಳಪ್ಪ, ನೆನಪಿಲ್ಲ’ ಎನ್ನುತ್ತಿದ್ದರು. ‘ಅರವತ್ತಕ್ಕೆ ಅರಳು ಮರುಳು’ ಎಂಬ ಗಾದೆ ನಮ್ಮ ಬಾಯಲ್ಲಿ ಸಿದ್ಧವಾಗಿಯೇ ಇದ್ದುದರಿಂದ, ಇದನ್ನು ವೈದ್ಯರಿಗೆ ತೋರಿಸಬೇಕೆಂದು ಒಬ್ಬರಿಗೂ ತೋಚಲಿಲ್ಲ. ಎರಡು ವರ್ಷ ಕಳೆದ ಮೇಲೆ ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆಗೆ ಹೋಗಿದ್ದಾಗ, ಅಲ್ಲಿನ ವೈದ್ಯೆಯೊಬ್ಬರು ತಾಯಿಯ ಬೆನ್ನ ಹಿಂದೆ ನಿಂತು ಮೆಲುದನಿಯಲ್ಲಿ ನಾಲ್ಕು ಪ್ರಶ್ನೆ ಕೇಳಿದರು; ಒಂದಕ್ಕೂ ಉತ್ತರ ಬರಲಿಲ್ಲ. ಎದುರಿಗೆ ಬಂದು ಅವೇ ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಿದಾಗ ನಾಲ್ಕಕ್ಕೂ ಸರಿಯಾದ ಉತ್ತರ ಬಂತು. ಎರಡೂ ಕಿವಿಗಳಿಗೆ ಶ್ರವಣ ಸಾಧನ ಹಾಕಿಸಿದ ಕೆಲವು ತಿಂಗಳಲ್ಲಿ, ನಾವು ಮರೆವು ಎಂದುಕೊಂಡಿದ್ದರ ಬಹುಪಾಲು ಇಲ್ಲವಾಯಿತು. ಆ ಮಾತುಗಳು ಅವರ ಕಿವಿಯನ್ನು ದಾಟಿ ಒಳಗೆ ಹೋಗಿರಲೇ ಇಲ್ಲ.

ಆ ಎರಡು ವರ್ಷಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಮಕ್ಕಳು ಪದ್ಯವನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾರೆ, ಯಾಕೆ ಮರೆಯುತ್ತಾರೆ ಎಂಬುದನ್ನು ವೃತ್ತಿಯುದ್ದಕ್ಕೂ ಕಂಡವನು, ತಾಯಿಯ ಪ್ರಸಂಗದ ನಂತರ ಹಿರಿಯರ ನೆನಪಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ, ವೈದ್ಯರನ್ನು ಕೇಳುತ್ತ, ನನ್ನ ಮೇಲೆಯೇ ಪ್ರಯೋಗಿಸುತ್ತ ಬಂದಿದ್ದೇನೆ. ಅದರಿಂದ ನನಗೆ ಮನದಟ್ಟಾದ ಸಂಗತಿ ಇಷ್ಟು: ಒಂದು ವಿಷಯ ಒಳಗೆ ಹೋಗಬೇಕು, ಒಳಗೆ ನಿಲ್ಲಬೇಕು, ಬೇಕಾದಾಗ ಹೊರಗೆ ಬರಬೇಕು, ನಾವು ಮರೆವು ಎಂದು ಕರೆಯುವುದರಲ್ಲಿ ಹೆಚ್ಚಿನದು ಕೆಡುವುದು ಮೊದಲನೆಯ ಹಂತದಲ್ಲಿ, ಮತ್ತು ಆ ಹಂತವೇ ನಮ್ಮ ಕೈಗೆ ಅತ್ಯಂತ ಸುಲಭವಾಗಿ ಸಿಗುವಂಥದ್ದು.

ಯಾವುದು ಸಹಜ, ಯಾವುದು ಅಲ್ಲ

ವಯಸ್ಸಾದಂತೆ ಮೆದುಳಿನ ಕೆಲಸ ನಿಧಾನವಾಗುವುದು ಸಹಜ. ಪರಿಚಿತರ ಹೆಸರು ತಟ್ಟನೆ ಬಾಯಿಗೆ ಬಾರದೆ ಅರ್ಧ ಗಂಟೆಯ ನಂತರ ಬರುವುದು, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿ ಯಾಕೆ ಬಂದೆ ಎಂದು ನಿಲ್ಲುವುದು, ಏಕಕಾಲಕ್ಕೆ ಎರಡು ಕೆಲಸ ಮಾಡುವಾಗ ಒಂದು ಜಾರಿಹೋಗುವುದು, ಇವೆಲ್ಲ ಈ ನಿಧಾನಗತಿಯ ಲಕ್ಷಣಗಳು. ಅದೇ ವೇಳೆಯಲ್ಲಿ ಪದಸಂಪತ್ತು, ಲೋಕಜ್ಞಾನ, ಕೈಗೆ ಒಗ್ಗಿದ ಕೆಲಸಗಳು ಎಪ್ಪತ್ತು ದಾಟಿದ ಮೇಲೂ ಬಹುಮಟ್ಟಿಗೆ ಗಟ್ಟಿಯಾಗಿ ಉಳಿಯುತ್ತವೆ. ಸಾರಿಗೆ ಒಗ್ಗರಣೆ ಯಾವಾಗ ಹಾಕಬೇಕೆಂದು ಅಜ್ಜಿಗೆ ಯಾರೂ ನೆನಪಿಸಬೇಕಾಗುವುದಿಲ್ಲ. ಹಾಗೆಯೇ ಐವತ್ತು ವರ್ಷ ಸಾರು ಮಾಡಿದ ಅಜ್ಜಿ ಒಂದು ದಿನ ಅದನ್ನು ಮಾಡುವ ಕ್ರಮವೇ ತಿಳಿಯದೆ ಒಲೆಯ ಮುಂದೆ ನಿಂತರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬಾರದು.

ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವುದು ಒಂದು ಬಗೆ, ಬೀಗದ ಕೈ ಹಿಡಿದುಕೊಂಡು ಇದು ಯಾತಕ್ಕೆ ಎಂದು ಯೋಚಿಸುವುದು ಇನ್ನೊಂದು ಬಗೆ. ಅದೇ ಪ್ರಶ್ನೆಯನ್ನು ಕೆಲವೇ ನಿಮಿಷಗಳಲ್ಲಿ ಮತ್ತೆ ಮತ್ತೆ ಕೇಳುವುದು, ದಿನವೂ ನಡೆದಾಡಿದ ಬೀದಿಯಲ್ಲಿ ದಾರಿ ತಪ್ಪುವುದು, ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ಹಾಕಲಾಗದೆ ಗಲಿಬಿಲಿಗೊಳ್ಳುವುದು, ಕಳೆದ ವಸ್ತುವನ್ನು ಯಾರೋ ಕದ್ದರೆಂದು ಮನೆಯವರ ಮೇಲೆಯೇ ಅನುಮಾನಿಸುವುದು, ಇವು ಕಂಡರೆ ತಡಮಾಡಬಾರದು. ತನಗೆ ಮರೆವು ಎಂದು ತಾನೇ ಚಿಂತಿಸುವವರಿಗಿಂತ, ತನಗೇನೂ ಆಗಿಲ್ಲ ಎನ್ನುತ್ತಿರುವಾಗ ಮನೆಯವರು ಗಾಬರಿಗೊಂಡಿರುವವರ ವಿಷಯದಲ್ಲಿ ಹೆಚ್ಚು ಎಚ್ಚರಿಕೆ ಬೇಕು. ಭಾರತದಲ್ಲಿ 60 ದಾಟಿದವರ ಪೈಕಿ ಡಿಮೆನ್ಷಿಯಾ, ಅಂದರೆ ಮರೆಗುಳಿತನದ ಕಾಯಿಲೆ ಇರುವವರು ಶೇಕಡಾ 7.4ರಷ್ಟು ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಇದು ದೊಡ್ಡ ಸಂಖ್ಯೆಯೇ ಹೌದು, ಸುಮಾರು 88 ಲಕ್ಷ ಜನ. ಆದರೂ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಆ ಕಾಯಿಲೆ ಇಲ್ಲ ಎಂಬುದೂ ಅದೇ ಅಂಕಿಯಲ್ಲಿದೆ. ಅರಳು ಮರುಳಿನ ಗಾದೆಯನ್ನು ಎಲ್ಲ ಹಿರಿಯರಿಗೂ ಅನ್ವಯಿಸುವುದು ಅವರಿಗೆ ಮಾಡುವ ಅನ್ಯಾಯ.

ಮೊದಲು ದೇಹವನ್ನು ಪರೀಕ್ಷಿಸಿಕೊಳ್ಳಿ

ನೆನಪಿನ ಅಭ್ಯಾಸಗಳನ್ನು ಶುರುಮಾಡುವ ಮೊದಲು ಮಾಡಬೇಕಾದ ಕೆಲಸವಿದು, ಮತ್ತು ಹೆಚ್ಚಿನವರು ಬಿಟ್ಟುಬಿಡುವ ಕೆಲಸವೂ ಇದೇ. ಕುಟುಂಬದ ವೈದ್ಯರ ಬಳಿ ಹೋಗಿ, ‘ನೆನಪು ಮಂಕಾಗಿದೆ, ಸರಿಪಡಿಸಬಹುದಾದ ಕಾರಣ ಏನಾದರೂ ಇದೆಯೇ ನೋಡಿ’ ಎಂದು ಈ ಮಾತಿನಲ್ಲೇ ಕೇಳಿ.

ಮೊದಲನೆಯದು ಬಿ12 ಜೀವಸತ್ವ. ಇದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿರುತ್ತದೆ. ಸೊಪ್ಪು ತರಕಾರಿ ಕಾಳುಗಳಲ್ಲಿ ನಮಗೆ ಸಾಲುವಷ್ಟು ಇರುವುದಿಲ್ಲ. ಸಸ್ಯಾಹಾರಿಗಳ ಮನೆಗಳಲ್ಲಿ ವಯಸ್ಸಾದವರು ಹಾಲು ಮೊಸರನ್ನೂ ಕಡಿಮೆ ಮಾಡಿ, ಮಜ್ಜಿಗೆಯ ನೀರಿನಲ್ಲಿ ಊಟ ಮುಗಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅದರ ಜೊತೆಗೆ ವಯಸ್ಸಾದಂತೆ ಜಠರದಲ್ಲಿ ಆಮ್ಲ ಕಡಿಮೆಯಾಗಿ ಆಹಾರದಲ್ಲಿನ ಬಿ12 ಹೀರಿಕೊಳ್ಳುವುದೂ ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಮತ್ತು ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಲ್ಲಿ ಈ ಕೊರತೆ ಇನ್ನೂ ಹೆಚ್ಚು. ಯಕೃತ್ತಿನಲ್ಲಿ ಈ ಜೀವಸತ್ವದ ದಾಸ್ತಾನು ಕೆಲವು ವರ್ಷಗಳಿಗೆ ಆಗುವಷ್ಟು ಇರುವುದರಿಂದ ಕೊರತೆ ಸದ್ದಿಲ್ಲದೆ ಬೆಳೆದು, ಪಾದ ಜೋಮು ಹಿಡಿಯುವುದು, ಸುಸ್ತು, ಮಂಕು, ಮರೆವು ಎಂದು ತಡವಾಗಿ ತೋರಿಕೊಳ್ಳುತ್ತದೆ. ಒಂದು ರಕ್ತ ಪರೀಕ್ಷೆಯಿಂದ ಇದು ಗೊತ್ತಾಗುತ್ತದೆ, ಮಾತ್ರೆ ಅಥವಾ ಚುಚ್ಚುಮದ್ದಿನಿಂದ ಸರಿಹೋಗುತ್ತದೆ. ಬಹಳ ತಡವಾದರೆ ಮಾತ್ರ ನರಗಳಿಗೆ ಆದ ಹಾನಿ ಪೂರ್ತಿ ಮರಳದು. ಅದೇ ರಕ್ತದಲ್ಲಿ ಥೈರಾಯ್ಡ್ ಮತ್ತು ಸಕ್ಕರೆಯ ಪ್ರಮಾಣವನ್ನೂ ನೋಡಿಸಿ.

ಎರಡನೆಯದು ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯಿಂದ ಚೀಟಿಯಿಲ್ಲದೆ ತಂದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿ. ನಿದ್ದೆಗೆಂದು ಕೊಡುವ ಆಲ್‌ಪ್ರಜೋಲಾಮ್‌ನಂಥ ಮಾತ್ರೆಗಳು, ನೆಗಡಿ ಅಲರ್ಜಿಗೆ ಬಳಸುವ ಹಳೆಯ ಬಗೆಯ ತೂಕಡಿಕೆ ತರಿಸುವ ಮಾತ್ರೆಗಳು, ಪದೇ ಪದೇ ಮೂತ್ರ ಬರುವುದನ್ನು ತಡೆಯುವ ಕೆಲವು ಔಷಧಿಗಳು ಹಿರಿಯರ ನೆನಪನ್ನು ಮಸುಕುಗೊಳಿಸಬಲ್ಲವು. ಇವನ್ನು ತಾವಾಗಿಯೇ ನಿಲ್ಲಿಸಬಾರದು. ಅದರಲ್ಲೂ ನಿದ್ದೆಯ ಮಾತ್ರೆಯನ್ನು ಒಮ್ಮೆಲೇ ಬಿಡುವುದು ಅಪಾಯಕರ; ಕಡಿಮೆ ಮಾಡುವ ಕ್ರಮವನ್ನು ವೈದ್ಯರೇ ಹೇಳಬೇಕು.

ಮೂರನೆಯದು ಕಿವಿ. ನಾನು ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕಿವಿ ಮಂದವಾದವರು ಅರ್ಧ ಕೇಳಿದ ಮಾತನ್ನು ಊಹೆಯಿಂದ ತುಂಬಿಸಿಕೊಳ್ಳಲು ಮೆದುಳಿನ ಶಕ್ತಿಯನ್ನೆಲ್ಲ ವ್ಯಯಿಸುತ್ತಾರೆ, ನೆನಪಿಟ್ಟುಕೊಳ್ಳಲು ಏನೂ ಉಳಿಯುವುದಿಲ್ಲ. ಕೇಳಿಸದ ಸಂಕೋಚದಿಂದ ಕ್ರಮೇಣ ಮಾತುಕತೆಯಿಂದಲೇ ದೂರ ಸರಿಯುತ್ತಾರೆ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶ್ರವಣ ಸಾಧನ ಪಡೆದವರಿಗೂ ಪಡೆಯದವರಿಗೂ ಒಟ್ಟಾರೆಯಾಗಿ ಮೂರು ವರ್ಷಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಹೃದಯ ರಕ್ತನಾಳಗಳ ತೊಂದರೆ ಮುಂತಾದ ಅಪಾಯಗಳು ಹೆಚ್ಚಿದ್ದ ಗುಂಪಿನಲ್ಲಿ ಬುದ್ಧಿಶಕ್ತಿಯ ಕುಸಿತ ಶೇಕಡಾ 48ರಷ್ಟು ನಿಧಾನವಾಯಿತು. ಪೂರ್ತಿ ಫಲಿತಾಂಶವನ್ನು ಹೇಳದೆ ಶೇಕಡಾ 48 ಎಂದಷ್ಟೇ ಹೇಳುವ ಮಾರಾಟಗಾರರನ್ನು ನಂಬಬೇಡಿ. ಹಾಗೆಂದು ಪರೀಕ್ಷೆಯನ್ನು ಮುಂದೂಡಲೂ ಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಇಲ್ಲವೇ ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲಿ ಕಿವಿಯನ್ನು ಪರೀಕ್ಷಿಸಿಕೊಳ್ಳಬಹುದು. ಸಾಧನ ಹಾಕಿದ ಮೊದಲ ವಾರಗಳಲ್ಲಿ ಪಾತ್ರೆಯ ಸದ್ದು, ಫ್ಯಾನಿನ ಸದ್ದು ಎಲ್ಲವೂ ಅಬ್ಬರವಾಗಿ ಕೇಳುವುದರಿಂದ ಅನೇಕರು ಅದನ್ನು ತೆಗೆದು ಡಬ್ಬಿಯಲ್ಲಿಟ್ಟುಬಿಡುತ್ತಾರೆ. ದಿನಕ್ಕೆ ಒಂದು ಗಂಟೆಯಿಂದ ಆರಂಭಿಸಿ ಹೊತ್ತನ್ನು ಹೆಚ್ಚಿಸುತ್ತ ಹೋಗಬೇಕು, ಮನೆಯವರು ಎದುರು ಕುಳಿತು ಮಾತನಾಡಬೇಕು. ನನ್ನ ತಾಯಿಗೆ ಹೊಂದಿಕೊಳ್ಳಲು ಆರು ವಾರ ಬೇಕಾಯಿತು. ಕಣ್ಣಿನ ಪೊರೆಯಿದ್ದರೆ ಅದನ್ನೂ ತೆಗೆಸಿ. ಕಾಣದ್ದನ್ನು ನೆನಪಿಟ್ಟುಕೊಳ್ಳಲಾಗದು.

ನಾಲ್ಕನೆಯದು ರಕ್ತದೊತ್ತಡ. ಮೆದುಳಿನ ಸಣ್ಣ ರಕ್ತನಾಳಗಳು ವರ್ಷಾನುಗಟ್ಟಲೆ ಹೆಚ್ಚಿನ ಒತ್ತಡಕ್ಕೆ ಸಿಕ್ಕಿ ಕೆಡುತ್ತವೆ, ಮತ್ತು ಅದು ನೋವಿಲ್ಲದೆ ನಡೆಯುತ್ತದೆ. 50 ದಾಟಿದ ಒಂಬತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ನಡೆದು 2019ರಲ್ಲಿ ಹೊರಬಂದ ಅಧ್ಯಯನವು, ಮೇಲಿನ ಒತ್ತಡವನ್ನು 140ರ ಬದಲು 120ರ ಕೆಳಗೆ ಇಡಲು ಯತ್ನಿಸಿದವರಲ್ಲಿ ಡಿಮೆನ್ಷಿಯಾಕ್ಕೆ ಮುಂಚಿನ ಹಂತದ ಮರೆವು ಶೇಕಡಾ 19ರಷ್ಟು ಕಡಿಮೆಯಾದದ್ದನ್ನು ತೋರಿಸಿತು. ಎದ್ದರೆ ತಲೆಸುತ್ತಿ ಬೀಳುವಂಥ ಹಿರಿಯರಿಗೆ ಇಷ್ಟು ಕಡಿಮೆ ಒತ್ತಡ ಒಳ್ಳೆಯದಲ್ಲವಾದ್ದರಿಂದ ಗುರಿಯನ್ನು ವೈದ್ಯರೇ ನಿರ್ಧರಿಸಲಿ; ‘ಈಗ ಬಿಪಿ ಸರಿಯಾಗಿದೆ’ ಎಂದು ಮಾತ್ರೆ ನಿಲ್ಲಿಸುವ ತಪ್ಪನ್ನಂತೂ ಮಾಡಬೇಡಿ.

ಇನ್ನು ಮನಸ್ಸಿನ ಖಿನ್ನತೆ. ಸಂಗಾತಿಯನ್ನು ಕಳೆದುಕೊಂಡವರು, ಮಕ್ಕಳೆಲ್ಲ ದೂರದ ಊರು ಸೇರಿದ ಮೇಲೆ ಒಂಟಿಯಾದವರು ಎಷ್ಟೋ ಸಲ ಮರೆವಿನ ರೂಪದಲ್ಲಿ ಖಿನ್ನತೆಯನ್ನು ತೋರುತ್ತಾರೆ, ಅದಕ್ಕೆ ಚಿಕಿತ್ಸೆಯಿದೆ. ಬಿದ್ದು ತಲೆಗೆ ಪೆಟ್ಟಾಗಿದ್ದರೆ ಅದನ್ನು ವೈದ್ಯರಿಗೆ ಹೇಳುವುದನ್ನು ಮರೆಯಬೇಡಿ. ಬಚ್ಚಲಲ್ಲಿ ಜಾರಿಬಿದ್ದ ಕೆಲವು ವಾರಗಳ ನಂತರ ಮೆದುಳಿನ ಹೊದಿಕೆಯ ಕೆಳಗೆ ರಕ್ತ ಸೇರಿಕೊಂಡು ಮಂಕು ಕವಿಯುವುದುಂಟು.

ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಕೊಟ್ಟ ವರದಿಯಲ್ಲಿ ಡಿಮೆನ್ಷಿಯಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿ, ಇವುಗಳನ್ನು ನಿವಾರಿಸಿದರೆ ಜಗತ್ತಿನ ಸುಮಾರು ಶೇಕಡಾ 45ರಷ್ಟು ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು ಲೆಕ್ಕ ಹಾಕಿದೆ. ಕಿವಿ, ಕಣ್ಣು, ರಕ್ತದೊತ್ತಡ, ಸಕ್ಕರೆ, ಖಿನ್ನತೆ, ತಲೆಯ ಪೆಟ್ಟು, ಒಂಟಿತನ, ಧೂಮಪಾನ ಎಲ್ಲವೂ ಆ ಪಟ್ಟಿಯಲ್ಲಿವೆ. ಪದಬಂಧ ಬಿಡಿಸದಿರುವುದು ಅದರಲ್ಲಿಲ್ಲ.

ಒಳಗೆ ಹೋಗುವಂತೆ ಮಾಡುವುದು

ನಮ್ಮಲ್ಲಿ ನೆನಪಿನ ಪರಮಾವಧಿಯನ್ನು ತೋರಿಸುವ ಕಲೆಗೆ ಅವಧಾನ ಎಂದು ಹೆಸರು. ಶತಾವಧಾನಿ ಆರ್. ಗಣೇಶ್ ಅವರ ಅಷ್ಟಾವಧಾನವನ್ನು ಕಂಡವರಿಗೆ ಅದರ ಕ್ರಮ ಗೊತ್ತು: ಎಂಟು ಮಂದಿ ಪೃಚ್ಛಕರು ಸರದಿಯಂತೆ ಪ್ರಶ್ನೆ ಒಡ್ಡುತ್ತಾರೆ, ಒಬ್ಬರು ನಡುನಡುವೆ ಘಂಟೆ ಬಾರಿಸಿ ಎಣಿಕೆ ಕೇಳುತ್ತಾರೆ, ಇನ್ನೊಬ್ಬರು ಸಂಬಂಧವಿಲ್ಲದ ಮಾತು ತೆಗೆದು ಗಮನ ಕೆಡಿಸಲು ನೋಡುತ್ತಾರೆ, ಅವಧಾನಿ ಪ್ರತಿ ಸುತ್ತಿನಲ್ಲಿ ಪದ್ಯದ ಒಂದೊಂದೇ ಪಾದವನ್ನು ಹೇಳುತ್ತ ಹೋಗಿ, ಕೊನೆಗೆ ಎಲ್ಲವನ್ನೂ ಧಾರಣೆಯಿಂದ ಪೂರ್ಣವಾಗಿ ಒಪ್ಪಿಸುತ್ತಾರೆ. ಅವಧಾನ ಎಂಬ ಪದದ ಅರ್ಥ ಗಮನ. ನೆನಪಿನ ಕಲೆಗೆ ಗಮನ ಎಂದೇ ಹೆಸರಿಟ್ಟ ಹಿರಿಯರು ನೆನಪಿನ ಬೇರನ್ನೇ ಹಿಡಿದಿದ್ದರು ಎಂದು ನಾನು ಭಾವಿಸುತ್ತೇನೆ.

ನಮ್ಮ ಮಟ್ಟಕ್ಕೆ ಇದನ್ನು ಹೀಗೆ ಇಳಿಸಿಕೊಳ್ಳಬಹುದು. ಗ್ಯಾಸ್ ಒಲೆ ಆರಿಸುವಾಗ, ಬಾಗಿಲಿಗೆ ಬೀಗ ಹಾಕುವಾಗ, ಮಾತ್ರೆ ನುಂಗುವಾಗ, ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳಿ: ‘ಮಂಗಳವಾರ ಬೆಳಿಗ್ಗೆ ಬಿಪಿ ಮಾತ್ರೆ ತೆಗೆದುಕೊಂಡೆ.’ ಮೊದಮೊದಲು ಸಂಕೋಚವಾಗುತ್ತದೆ. ಆದರೆ ಕೈ ತನ್ನಷ್ಟಕ್ಕೆ ಮಾಡುವ ಕೆಲಸ ಮನಸ್ಸಿನಲ್ಲಿ ದಾಖಲಾಗುವುದಿಲ್ಲ, ಬಾಯಿಂದ ಹೊರಟು ಕಿವಿಗೆ ಬಿದ್ದದ್ದು ದಾಖಲಾಗುತ್ತದೆ. ಹೊಸಬರ ಪರಿಚಯವಾದಾಗ ಹೆಸರನ್ನು ಕೇಳಿ ಸುಮ್ಮನಾಗದೆ ಮಾತಿನಲ್ಲಿ ಕೂಡಲೇ ಒಮ್ಮೆ ಬಳಸಿ, ಊರನ್ನು ಕೇಳಿ, ಆ ಹೆಸರಿನ ನಿಮ್ಮ ಬಂಧುವೊಬ್ಬರ ಪಕ್ಕದಲ್ಲಿ ಅವರನ್ನು ಮನಸ್ಸಿನಲ್ಲೇ ಕೂರಿಸಿ. ಟಿವಿ ನೋಡುತ್ತ ಫೋನಿನಲ್ಲಿ ಮಾತನಾಡುವುದನ್ನು ಬಿಡಿ. ಇಪ್ಪತ್ತರ ಹುಡುಗರೇ ಎರಡು ಕಡೆ ಗಮನವಿಟ್ಟು ಎರಡನ್ನೂ ನೆನಪಿಡಲಾರರು, ನಾವಂತೂ ಖಂಡಿತ ಆಗದು.

ಪ್ರತಿದಿನ ಬೇಕಾಗುವ ವಸ್ತುಗಳಿಗೆ ನೆನಪನ್ನು ಖರ್ಚು ಮಾಡಬೇಡಿ. ಕನ್ನಡಕ, ಬೀಗದ ಕೈ, ಫೋನು ಇವು ಮೂರಕ್ಕೂ ಬಾಗಿಲ ಬಳಿ ಒಂದೇ ತಟ್ಟೆ ಇಡಿ. ಮಾತ್ರೆಗಳಿಗೆ ವಾರದ ಏಳು ದಿನದ ಖಾನೆಗಳಿರುವ ಡಬ್ಬಿ ಇಡಿ, ಅದನ್ನು ತಪ್ಪದೆ ಮಾಡುವ ಯಾವುದಾದರೂ ಕೆಲಸಕ್ಕೆ ಗಂಟು ಹಾಕಿ; ಕಾಫಿ ಲೋಟದ ಪಕ್ಕದಲ್ಲಿ ಡಬ್ಬಿ ಇದ್ದರೆ ಮಾತ್ರೆ ತಪ್ಪುವುದು ಅಪರೂಪ. ಕ್ಯಾಲೆಂಡರಿನ ಮನೆಗಳಲ್ಲಿ ಬರೆದಿಡುವ ನಮ್ಮ ಹಳೆಯ ಪದ್ಧತಿ, ಹಾಲಿನ ಲೆಕ್ಕದಿಂದ ಹಿಡಿದು ಸಿಲಿಂಡರ್ ಬಂದ ದಿನದವರೆಗೆ, ಬಹಳ ಒಳ್ಳೆಯ ಪದ್ಧತಿ. ಬರೆದಿಡುವುದರಿಂದ ನೆನಪು ಸೋಮಾರಿಯಾಗುತ್ತದೆಂಬ ಭಯ ಬೇಡ. ಉಳಿದ ಶಕ್ತಿಯನ್ನು ಕಲಿಯುವುದಕ್ಕೆ ಬಳಸಬಹುದು.

ಹೊರಗೆ ತೆಗೆಯುವ ಅಭ್ಯಾಸ

ತರಗತಿಯಲ್ಲಿ ನಾನು ಕಲಿತ ಅತಿ ಮುಖ್ಯ ಪಾಠ ಇಲ್ಲಿದೆ. ಪದ್ಯವನ್ನು ಹತ್ತು ಸಲ ಓದಿದ ಹುಡುಗನಿಗಿಂತ, ಮೂರು ಸಲ ಓದಿ ಪುಸ್ತಕ ಮುಚ್ಚಿ ತಡವರಿಸುತ್ತ ಏಳು ಸಲ ಹೇಳಲು ಯತ್ನಿಸಿದ ಹುಡುಗನಿಗೇ ಮುಂದಿನ ವಾರ ಪದ್ಯ ನೆನಪಿರುತ್ತಿತ್ತು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನೋವಿಜ್ಞಾನಿಗಳು ಇದನ್ನೇ ಪ್ರಯೋಗದಿಂದ ತೋರಿಸಿದರು: ಐದು ನಿಮಿಷದ ನಂತರ ಪರೀಕ್ಷಿಸಿದರೆ ಮತ್ತೆ ಮತ್ತೆ ಓದಿದವರು ಮುಂದಿದ್ದರು, ಒಂದು ವಾರದ ನಂತರ ಪರೀಕ್ಷಿಸಿದರೆ ನೆನಪಿನಿಂದ ಬರೆಯಲು ಯತ್ನಿಸಿದವರು ಮುಂದಿದ್ದರು. ತಡವರಿಸುವ ಕಷ್ಟವೇ ನೆನಪನ್ನು ಗಟ್ಟಿಮಾಡುತ್ತದೆ. ಹಿರಿಯರು ತಡವರಿಸಿದ ಕೂಡಲೇ ಮಕ್ಕಳು ಮೊಮ್ಮಕ್ಕಳು ಪ್ರೀತಿಯಿಂದಲೇ ಉತ್ತರ ಹೇಳಿಬಿಡುತ್ತಾರೆ. ಸ್ವಲ್ಪ ಕಾಯಿರಿ, ಮೊದಲ ಅಕ್ಷರವಷ್ಟನ್ನೇ ಹೇಳಿ ನೋಡಿ.

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಕಲಿತದ್ದು ಮೊದಲ ಒಂದು ದಿನದಲ್ಲೇ ಅತಿ ವೇಗವಾಗಿ ಸೋರಿಹೋಗಿ, ಆಮೇಲೆ ಸೋರುವಿಕೆ ನಿಧಾನವಾಗುವುದನ್ನು ಅಳೆದು ತೋರಿಸಿದ. ಆದ್ದರಿಂದ ಪುನರಾವರ್ತನೆಗೆ ಅಂತರವಿರಬೇಕು. ನಾನು ಅನುಸರಿಸುವ ಕ್ರಮ ಹೀಗಿದೆ: ಒಂದು ವಚನವನ್ನೋ ಭಾಮಿನಿ ಷಟ್ಪದಿಯ ಒಂದು ಪದ್ಯವನ್ನೋ ಸೋಮವಾರ ಬೆಳಿಗ್ಗೆ ಕಲಿತು, ಅದೇ ರಾತ್ರಿ ನೋಡದೆ ಹೇಳುತ್ತೇನೆ, ಬಳಿಕ ಮಂಗಳವಾರ, ಗುರುವಾರ, ಮುಂದಿನ ಸೋಮವಾರ, ಅಲ್ಲಿಂದ ಮೂರು ವಾರ ಬಿಟ್ಟು ಮತ್ತೊಮ್ಮೆ. ಸಿಕ್ಕಿಹಾಕಿಕೊಂಡ ಸಾಲಿನಲ್ಲಿ ಅರ್ಧ ನಿಮಿಷ ಯತ್ನಿಸಿದ ಮೇಲಷ್ಟೇ ಪುಸ್ತಕ ತೆರೆಯುತ್ತೇನೆ. ಷಟ್ಪದಿಯಲ್ಲಿ ಎರಡನೆಯ ಅಕ್ಷರದ ಪ್ರಾಸ ಆರೂ ಸಾಲುಗಳಲ್ಲಿ ಮರಳಿ ಬರುವುದರಿಂದ ಅದೇ ಒಂದು ಹಿಡಿಕೆಯಾಗುತ್ತದೆ. ನಮ್ಮ ಕವಿಗಳು ಪ್ರಾಸವನ್ನು ಕೇಳುವವರ ನೆನಪಿಗೂ ಕಟ್ಟಿದ್ದರೇನೋ ಎನಿಸುತ್ತದೆ. ಪದ್ಯ ಇಷ್ಟವಿಲ್ಲದವರು ರಾತ್ರಿ ಮಲಗುವ ಮುನ್ನ ಆ ದಿನ ಬೆಳಗಿನಿಂದ ನಡೆದದ್ದನ್ನು ಕ್ರಮವಾಗಿ ನೆನೆದು ಐದು ಸಾಲು ಬರೆಯಲಿ, ಏನು ತಿಂಡಿ, ಯಾರು ಬಂದರು, ಏನು ಹೇಳಿದರು ಎಂದು.

ಪಟ್ಟಿಗಳನ್ನು ನೆನಪಿಡಲು ಹುಟ್ಟಿ ಬೆಳೆದ ಮನೆಯನ್ನು ಬಳಸಬಹುದು. ಪ್ರಾಚೀನ ಗ್ರೀಸಿನ ಭಾಷಣಕಾರರಿಗೂ ಗೊತ್ತಿದ್ದ ಉಪಾಯವಿದು. ಆ ಮನೆಯನ್ನು ಜಗಲಿಯಿಂದ ಹೊಕ್ಕು, ಪಡಸಾಲೆ, ದೇವರ ಕೋಣೆ, ಅಡುಗೆಮನೆ, ಬಚ್ಚಲ ಒಲೆ, ಹಿತ್ತಲು, ಬಾವಿಕಟ್ಟೆ ಹೀಗೆ ಒಂದೇ ಕ್ರಮದಲ್ಲಿ ಮನಸ್ಸಿನಲ್ಲಿ ನಡೆಯಿರಿ. ತರಬೇಕಾದ ಒಂದೊಂದು ಸಾಮಾನನ್ನು ಒಂದೊಂದು ಜಾಗದಲ್ಲಿ, ಮರೆಯಲಾಗದಂತೆ ಇಡಿ: ಜಗಲಿಯ ತುಂಬ ತೊಗರಿಬೇಳೆ ಚೆಲ್ಲಿದೆ, ಪಡಸಾಲೆಯ ಉಯ್ಯಾಲೆಯಲ್ಲಿ ತೆಂಗಿನಕಾಯಿ ಕುಳಿತಿದೆ, ಬಾವಿಯಿಂದ ಸೇದಿದರೆ ಕೊಡದಲ್ಲಿ ಎಳ್ಳೆಣ್ಣೆ ಬಂದಿದೆ. ಅಂಗಡಿಯಲ್ಲಿ ನಿಂತು ಆ ಮನೆಯನ್ನು ಇನ್ನೊಮ್ಮೆ ಹೊಕ್ಕರೆ ಸಾಮಾನುಗಳು ಸಿಗುತ್ತವೆ. ಆ ಮನೆ ಈಗ ಇಲ್ಲದಿದ್ದರೂ ಅಡ್ಡಿಯಿಲ್ಲ. ಬಾಲ್ಯದ ಮನೆ ಮನಸ್ಸಿನಲ್ಲಿ ಬೇರೆಲ್ಲಕ್ಕಿಂತ ಗಟ್ಟಿಯಾಗಿ ನಿಂತಿರುತ್ತದೆ.

ಹೊಸದನ್ನು ಕಲಿಯುವುದು, ನಾಲ್ಕು ಜನರೊಡನೆ

ಪದಬಂಧ, ಸುಡೊಕು ಬಿಡಿಸುವವರು ಅವುಗಳಲ್ಲಿ ಚುರುಕಾಗುತ್ತಾರೆ. ಆ ಚುರುಕು ದಿನನಿತ್ಯದ ನೆನಪಿಗೆ ಇಳಿಯುವುದು ಕಡಿಮೆ. ಖುಷಿಗಾಗಿ ಆಡಿ, ಔಷಧಿಯೆಂದು ಬೇಡ. ಹಣ ಕೊಟ್ಟು ಕೊಳ್ಳುವ ಮೆದುಳಿನ ಆಟದ ಆ್ಯಪ್‌ಗಳ ಬದಲು, ಇದುವರೆಗೆ ಬಾರದ ಒಂದು ವಿದ್ಯೆಯನ್ನು ಮನುಷ್ಯರ ನಡುವೆ ಕುಳಿತು ಕಲಿಯುವುದನ್ನು ನಾನು ಶಿಫಾರಸು ಮಾಡುತ್ತೇನೆ. ಗಮಕ ತರಗತಿ ಇರುವ ಊರುಗಳಲ್ಲಿ ಅದು ಬಹಳ ಸೂಕ್ತ: ರಾಗ, ಪದಚ್ಛೇದ, ಅರ್ಥ, ಉಚ್ಚಾರ ಎಲ್ಲವೂ ಒಟ್ಟಿಗೆ ಬೇಕಾಗುತ್ತವೆ, ಜೊತೆಗೆ ವಾರಕ್ಕೊಮ್ಮೆ ಎದುರುನೋಡುವ ಜನರಿರುತ್ತಾರೆ. ಕರಾವಳಿಯವರಿಗೆ ತಾಳಮದ್ದಳೆಯ ಕೂಟ ಹತ್ತಿರದಲ್ಲಿರುತ್ತದೆ. ಭಜನಾ ಮಂಡಳಿ, ಹೊಲಿಗೆ, ಚೆಸ್, ಅಳಗುಳಿಮಣೆ, ಹೊಸ ಭಾಷೆ ಯಾವುದಾದರೂ ಸರಿ, ಸ್ವಲ್ಪ ಕಷ್ಟವಾಗುವಂತಿರಬೇಕು.

ಭಾಷೆಯ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಬೇಕು. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸವಿತ್ತು. ಭಾಷೆಯೇ ಇದಕ್ಕೆ ಕಾರಣವೆಂದು ಇಂಥ ಒಂದು ಅಧ್ಯಯನದಿಂದ ಖಚಿತವಾಗಿ ಹೇಳಲು ಬಾರದು. ಆದರೂ ಮನೆಯಲ್ಲಿ ತುಳುವನ್ನೋ ತೆಲುಗನ್ನೋ ಉರ್ದುವನ್ನೋ ಕೊಂಕಣಿಯನ್ನೋ ಆಡಿ, ಬೀದಿಯಲ್ಲಿ ಕನ್ನಡ ಆಡುವ ನಮ್ಮ ಲಕ್ಷಾಂತರ ಜನರು ಆ ರೂಢಿಯನ್ನು ಕೈಬಿಡದಿರಲು, ಮೊಮ್ಮಕ್ಕಳೊಡನೆಯೂ ಮುಂದುವರಿಸಲು ಇದು ಒಳ್ಳೆಯ ಕಾರಣ.

ನಡಿಗೆ, ನಿದ್ದೆ, ಊಟ

ನೆನಪಿಗೆ ಒಂದೇ ಒಂದು ಔಷಧಿ ಹೇಳಿ ಎಂದರೆ ನಾನು ನಡಿಗೆ ಎನ್ನುತ್ತೇನೆ. 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 120 ಹಿರಿಯರ ಪೈಕಿ ಅರ್ಧದಷ್ಟು ಜನ ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ ಬಿರುಸಾಗಿ ನಡೆದರು. ಒಂದು ವರ್ಷದ ಕೊನೆಗೆ, ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಅವರಲ್ಲಿ ಶೇಕಡಾ 2ರಷ್ಟು ಹಿಗ್ಗಿತ್ತು, ಮೈ ಸಡಿಲಿಸುವ ವ್ಯಾಯಾಮವಷ್ಟನ್ನೇ ಮಾಡಿದವರಲ್ಲಿ ಕುಗ್ಗಿತ್ತು. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಮಂಡಿ ನೋವಿನವರು ಕುರ್ಚಿಯಲ್ಲಿ ಕುಳಿತು ಏಳುವ ಅಭ್ಯಾಸದಿಂದ ಶುರುಮಾಡಲಿ.

ಹಗಲು ಕಲಿತದ್ದು ಗಟ್ಟಿಯಾಗುವುದು ರಾತ್ರಿಯ ಗಾಢ ನಿದ್ದೆಯಲ್ಲಿ. ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆಗೆ ನಿಲ್ಲಿಸಿ, ಸಂಜೆ ನಾಲ್ಕರ ಮೇಲೆ ಕಾಫಿ ಬಿಡಿ. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತಂತಾಗುವವರು, ಹಗಲೆಲ್ಲ ತೂಕಡಿಸುವವರು ಅದನ್ನು ವೈದ್ಯರಿಗೆ ಹೇಳಲೇಬೇಕು. ನಿದ್ದೆಯಲ್ಲಿ ಉಸಿರು ಕಟ್ಟುವ ಈ ತೊಂದರೆ ನೆನಪನ್ನು ಕೆಡಿಸುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಗಿ, ಕಾಳು, ಸೊಪ್ಪಿನ ಬಸ್ಸಾರು, ಮೊಸರು, ಹಣ್ಣು, ತಿನ್ನುವವರಿಗೆ ಮೀನು, ಹೃದಯಕ್ಕೆ ಒಳ್ಳೆಯದಾದ ಈ ಊಟವೇ ಮೆದುಳಿಗೂ ಒಳ್ಳೆಯದು. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿನಿಸು ಕಡಿಮೆಯಿರಲಿ, ಹೊಗೆಸೊಪ್ಪು ಮತ್ತು ಮದ್ಯ ಬೇಡ. ಒಂದೆಲಗದ ತಂಬುಳಿಯನ್ನು, ತುಳುನಾಡಿನವರ ತಿಮರೆ ಚಟ್ನಿಯನ್ನು ಸಂತೋಷದಿಂದ ತಿನ್ನಿ, ಆದರೆ ಅದನ್ನು ನಂಬಿ ರಕ್ತ ಪರೀಕ್ಷೆಯನ್ನು ಬಿಡಬೇಡಿ. ನೆನಪಿನ ಶಕ್ತಿ ಹೆಚ್ಚಿಸುವುದಾಗಿ ಜಗತ್ತಿನಾದ್ಯಂತ ಮಾರಾಟವಾದ ಗಿಂಕ್ಗೊ ಎಲೆಯ ಸಾರವನ್ನು 75 ದಾಟಿದ 3,069 ಜನರಲ್ಲಿ ಪರೀಕ್ಷಿಸಿದಾಗ, ಅದು ಡಿಮೆನ್ಷಿಯಾವನ್ನು ತಡೆಯುವುದಿಲ್ಲವೆಂದು 2008ರಲ್ಲಿ ಗೊತ್ತಾಯಿತು.

ಇವೆಲ್ಲವನ್ನೂ ಅರವತ್ತಾದ ಮೇಲೆ ಶುರುಮಾಡಿದರೂ ಪ್ರಯೋಜನವಿದೆ. ಫಿನ್ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಜನರ ಪೈಕಿ ಅರ್ಧದಷ್ಟು ಜನರಲ್ಲಿ ಊಟ, ವ್ಯಾಯಾಮ, ಬುದ್ಧಿಯ ಅಭ್ಯಾಸ, ರಕ್ತನಾಳಗಳ ಆರೋಗ್ಯದ ನಿಗಾ ಎಲ್ಲವನ್ನೂ ಎರಡು ವರ್ಷ ಒಟ್ಟಿಗೆ ನಡೆಸಿದಾಗ, ಬರಿಯ ಸಲಹೆ ಪಡೆದವರಿಗಿಂತ ಅವರ ಬುದ್ಧಿಶಕ್ತಿ ಉತ್ತಮವಾಗಿತ್ತು. ಆದರೆ ಮೆದುಳಿನ ಬದಲಾವಣೆಗಳು ಲಕ್ಷಣ ತೋರುವ ಎಷ್ಟೋ ವರ್ಷ ಮುಂಚೆಯೇ ಆರಂಭವಾಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಡೆಸುತ್ತಿರುವ ದೀರ್ಘಾವಧಿ ಅಧ್ಯಯನಕ್ಕೆ 45 ದಾಟಿದವರನ್ನೇ ಸೇರಿಸಿಕೊಳ್ಳುತ್ತಿರುವುದು ಇದೇ ಕಾರಣಕ್ಕೆ. ಅಪ್ಪ ಅಮ್ಮನ ಮರೆವಿನ ಚಿಂತೆಯಿಂದ ಇದನ್ನು ಓದುತ್ತಿರುವ ಮಕ್ಕಳು ತಮ್ಮ ಬಿಪಿಯನ್ನೂ ಇದೇ ವಾರ ನೋಡಿಸಿಕೊಳ್ಳಲಿ.

ವೈದ್ಯರ ಬಳಿಗೆ ಹೋಗುವಾಗ

ಮೇಲೆ ಹೇಳಿದ ಎಚ್ಚರಿಕೆಯ ಲಕ್ಷಣಗಳು ಕಂಡರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಆರಂಭಿಸಿದ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಚಿಕಿತ್ಸಾಲಯಗಳು ಬಂದಿರುವುದರಿಂದ ಮೊದಲು ಅಲ್ಲಿ ವಿಚಾರಿಸಿ. ಹಿರಿಯ ನಾಗರಿಕರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416.

ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಬದಲಾವಣೆ ಮೊದಲು ಕಂಡದ್ದು ಯಾವ ತಿಂಗಳಲ್ಲಿ, ಒಮ್ಮೆಲೇ ಬಂತೋ ಮೆಲ್ಲಗೆ ಬಂತೋ, ಕಳೆದ ಎರಡು ವಾರಗಳಲ್ಲಿ ನಡೆದ ಮೂರು ನಾಲ್ಕು ನಿಜ ಘಟನೆಗಳು, ಯಾವಾಗಲಾದರೂ ಬಿದ್ದಿದ್ದರೆ ಅದರ ದಿನಾಂಕ, ನಿದ್ದೆ ಹೇಗಿದೆ, ಓದಿದ್ದು ಎಷ್ಟನೆಯ ತರಗತಿಯವರೆಗೆ. ‘ತುಂಬಾ ಮರೆಯುತ್ತಾರೆ’ ಎಂಬ ಮಾತಿನಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ‘ಹೋದ ಭಾನುವಾರ ಒಂದು ಗಂಟೆಯಲ್ಲಿ ನಾಲ್ಕು ಸಲ ಊಟ ಆಯಿತೇ ಎಂದು ಕೇಳಿದರು’ ಎಂಬುದರಿಂದ ತಿಳಿಯುತ್ತದೆ. ಈ ಹಾಳೆಯನ್ನು ಅಪ್ಪನ ಅಥವಾ ಅಮ್ಮನ ಮುಂದೆ ಗಟ್ಟಿಯಾಗಿ ಓದಬೇಡಿ, ವೈದ್ಯರ ಕೈಗೆ ಕೊಡಿ. ಮಾತ್ರೆಗಳ ಚೀಲ, ಕನ್ನಡಕ, ಶ್ರವಣ ಸಾಧನ ಜೊತೆಯಲ್ಲಿರಲಿ, ಮತ್ತು ಪ್ರಶ್ನೆಗಳಿಗೆ ಅವರೇ ಉತ್ತರಿಸಲು ಬಿಡಿ.